ಅವನತರಥಚಕ್ರಮೀಮಾಂಸೆ

ಒಂದು ವಿದ್ಯೆಯು ಶಾಸ್ತ್ರವೆನಿಸಿಕೊಳ್ಳಬೇಕಾದರೆ ಅದಕ್ಕೆ ಸ್ವಂತ ಪರಿಭಾಷೆಯಿರಬೇಕು, ಒಳಗೊಳಗೇ ಪಂಥಭೇದವಿರಬೇಕು, ಮತ್ತು ಅದರಿಂದ ಲೌಕಿಕವಾದ ಯಾವ ಪ್ರಯೋಜನವೂ ಆಗಕೂಡದು. ನೆಲಕ್ಕೆ ತಗ್ಗಿಸಿದ ಸ್ಪೋರ್ಟ್ಸ್ ಕಾರಿಗೆ ಹೊಸ ಚಕ್ರಗಳನ್ನೂ ಟೈರುಗಳನ್ನೂ ತೊಡಿಸುವ ವಿದ್ಯೆಯಲ್ಲಿ ಈ ಲಕ್ಷಣತ್ರಯವು ಅವಿಕಲವಾಗಿ ನೆಲಸಿರುವುದರಿಂದ, ಮೀಮಾಂಸಕರ ಅಧಿಕರಣಕ್ರಮವನ್ನನುಸರಿಸಿ ಅದನ್ನಿಲ್ಲಿ ವಿಚಾರಿಸಲಾಗುವುದು.

ವಿಷಯವಾವುದೆಂದರೆ, ಹಿರೋಷಿಮಾದ ಮಜ್ದಾ ಸಂಸ್ಥೆಯು 1989ರಲ್ಲಿ ಲೋಕಕ್ಕೆ ತೋರಿದ, ಸ್ವದೇಶದಲ್ಲಿ ಯೂನೋಸ್ ರೋಡ್‌ಸ್ಟರ್ ಎಂದೂ ಪರದೇಶಗಳಲ್ಲಿ ಎಂಎಕ್ಸ್-5 ಅಥವಾ ಮಿಯಾಟಾ ಎಂದೂ ವಿಖ್ಯಾತವಾದ, ಇಬ್ಬರಿಗೆ ಮಾತ್ರ ಆಸನವುಳ್ಳ ಲಘುರಥ. ಕುದುರೆಯೂ ಸವಾರನೂ ಏಕದೇಹವಾಗಬೇಕೆಂಬ ‘ಜಿನ್‌ಬಾ ಇತ್ತಾಯ್’ ಆದರ್ಶವನ್ನು ಮುಂದಿರಿಸಿಕೊಂಡ ಅದರ ನಿರ್ಮಾತೃಗಳು, ನಾಲ್ಕು ಚಕ್ರಗಳಿಗೂ ಡಬಲ್ ವಿಶ್‌ಬೋನ್ ಸಸ್ಪೆನ್ಷನ್ ಕೂಡಿಸಿ, ಭಾರವನ್ನು 940 ಕಿಲೋಗ್ರಾಮಿನ ಆಸುಪಾಸಿಗೆ ಇಳಿಸಿ, 14 ಇಂಚಿನ ಚಕ್ರಕ್ಕೆ 185/60ರ ಟೈರನ್ನು ತೊಡಿಸಿ, ತಮ್ಮ ಕರ್ತವ್ಯವು ಮುಗಿಯಿತೆಂದು ಭ್ರಮಿಸಿದರು. ಕೊಂಡವನ ಕರ್ತವ್ಯವು ಅಲ್ಲಿಂದಲೇ ಪ್ರಾರಂಭವಾಗತಕ್ಕದ್ದೆಂಬ ಸೂಕ್ಷ್ಮವು ಅವರಿಗೆ ಹೊಳೆಯಲಿಲ್ಲ.

ಸಂಶಯವಿಷ್ಟು: ಚಕ್ರವಿರುವುದು ಗತಿಗಾಗಿಯೋ, ಸ್ಥಿತಿಗಾಗಿಯೋ? ಗತಿಗಾಗಿಯೇ ಎಂಬುದು ಪೂರ್ವಪಕ್ಷ. ಕಾರನ್ನು ತಗ್ಗಿಸಿದರೆ ಸ್ಪ್ರಿಂಗಿಗೆ ಕುಗ್ಗಲು ಅವಕಾಶ ಸಾಲದೆ ಸಸ್ಪೆನ್ಷನ್ನು ಬಂಪ್‌ಸ್ಟಾಪಿಗೆ ಬಡಿಯುವುದು, ಬಾಹುಗಳ ಕೋನಗಳು ಕೆಡುವುವು, ಚಕ್ರವು ಫೆಂಡರನ್ನು ಉಜ್ಜುವುದು ಎಂದು ಎಂಜಿನಿಯರುಗಳು ವಾದಿಸುವರು. ಇದು ಸರ್ವಥಾ ಸತ್ಯ, ಆದುದರಿಂದಲೇ ಅಗ್ರಾಹ್ಯ. ಏಕೆಂದರೆ ಓಡುವ ಕಾರಿನ ಚಕ್ರವು ನೋಡುವವನ ಕಣ್ಣಿಗೆ ಬರಿಯ ಮಬ್ಬು. ಅದರ ಅರೆಗಳ ವಿನ್ಯಾಸವೂ ಅಂಚಿನ ಹೊಳಪೂ ಗೋಚರಿಸುವುದು ಕಾರು ನಿಂತಾಗಲೇ. ಕಾಣದ ಗತಿಗಿಂತ ಕಾಣುವ ಸ್ಥಿತಿಯೇ ಬಲವತ್ತರವಾದ ಪ್ರಮಾಣವಾದ್ದರಿಂದ, ಚಕ್ರವು ನಿಲ್ಲುವುದಕ್ಕಾಗಿಯೇ ಇದೆಯೆಂಬುದು ಸಿದ್ಧಾಂತ.

ಇನ್ನು ಪರಿಭಾಷೆ. ಬೋಲ್ಟುಗಳ ಸಂಖ್ಯೆಯನ್ನೂ ಅವು ಕುಳಿತ ವೃತ್ತದ ವ್ಯಾಸವನ್ನೂ ಹೇಳುವ ಪಿಸಿಡಿಯು ಈ ರಥದ ಗೋತ್ರ, ಅದು 4×100. ಹಬ್ಬಿನ ವ್ಯಾಸ 54.1 ಮಿಲಿಮೀಟರು, ಕೊಂಡುತಂದ ಚಕ್ರದ ರಂಧ್ರವು ಅದಕ್ಕಿಂತ ದೊಡ್ಡದಾದರೆ ನಡುವೆ ಉಂಗುರವನ್ನು ತೊಡಿಸತಕ್ಕದ್ದು, ಇಲ್ಲವಾದರೆ ಸ್ಟೀರಿಂಗು ನಡುಗುವುದು. ಚಕ್ರದ ಅಗಲದ ನಟ್ಟನಡುವಿನಿಂದ ಅದು ಹಬ್ಬಿಗೆ ತಾಗುವ ಮುಖದವರೆಗಿನ ಅಂತರವೇ ಆಫ್‌ಸೆಟ್ಟು. ಸಮಸ್ತ ಶಾಸ್ತ್ರವೂ ಇದರ ಮೇಲೆಯೇ ನಿಂತಿದೆ. ಮೂಲಚಕ್ರದ ಅಗಲ 5.5 ಇಂಚು, ಆಫ್‌ಸೆಟ್ಟು 45 ಮಿಲಿಮೀಟರು. ಅದನ್ನು ತೆಗೆದು 15 ಇಂಚು ವ್ಯಾಸದ, 8 ಇಂಚು ಅಗಲದ, 20 ಆಫ್‌ಸೆಟ್ಟಿನ ಚಕ್ರವನ್ನು ಕೂಡಿಸಿದರೆ ಅದು ಒಳಕ್ಕೆ ಸುಮಾರು 7, ಹೊರಕ್ಕೆ ಸುಮಾರು 57 ಮಿಲಿಮೀಟರು ಚಾಚಿಕೊಳ್ಳುವುದು. ಹೊರಚಾಚನ್ನು ಅಡಗಿಸಲು ಫೆಂಡರಿನ ಒಳ ಅಂಚನ್ನು ಮಡಿಸಬೇಕು, ಚಕ್ರದ ತಲೆಯನ್ನು ಒಳಕ್ಕೆ ವಾಲಿಸಬೇಕು. ಇನ್ನು ಟೈರು: 195/50ರ ಟೈರಿಗೆ ವಿಹಿತವಾದ ರಿಮ್ಮು 5.5ರಿಂದ 7 ಇಂಚಿನದು. ಅದನ್ನೇ 8 ಇಂಚಿಗೆ ಎಳೆದು ಕೂರಿಸುವುದು ಸಂಪ್ರದಾಯ. ಇಷ್ಟೆಲ್ಲ ವಿಪ್ಲವದ ಅನಂತರ ಅಳೆದು ನೋಡಿದರೆ, 577.6 ಮಿಲಿಮೀಟರಿದ್ದ ಟೈರಿನ ಹೊರವ್ಯಾಸವು 576 ಆಗಿರುವುದು. ಸರ್ವಸ್ವವನ್ನೂ ಕದಲಿಸಿ ಸ್ಪೀಡೋಮೀಟರನ್ನು ಮಾತ್ರ ಸತ್ಯಸಂಧವಾಗಿ ಉಳಿಸಿಕೊಂಡ ಈ ನಿಷ್ಠೆಯನ್ನು ಎಷ್ಟು ಕೊಂಡಾಡಿದರೂ ತೀರದು. ಏಕೆಂದರೆ ಆ ಕಾರಿನಲ್ಲಿ ವೇಗವಾಗಿ ಹೋಗುವ ಪ್ರಸಂಗವು ಇನ್ನು ಬರುವಂತಿಲ್ಲ.

ಪಂಥಗಳು ಎರಡು. ಸ್ಥಿರವಾದಿಗಳು ತಗ್ಗಿದ ಸ್ಪ್ರಿಂಗಿನ ಮೇಲೆ ಸದಾಕಾಲವೂ ಒಂದೇ ಎತ್ತರದಲ್ಲಿದ್ದು, ರಸ್ತೆಯ ಪ್ರತಿಯೊಂದು ಉಬ್ಬನ್ನೂ ಓರೆಯಾಗಿ ಏರುತ್ತ, ಆ ಕ್ಲೇಶವನ್ನೇ ತಪಸ್ಸೆಂದು ಬಗೆಯುವರು. ವಾಯುವಾದಿಗಳು ಸ್ಪ್ರಿಂಗಿನ ಬದಲು ಗಾಳಿಯ ಚೀಲಗಳನ್ನಿಟ್ಟು, ಸಂಚರಿಸುವಾಗ ಉಬ್ಬಿಸಿ, ಜನ ನೋಡುವಾಗ ಇಳಿಸುವರು. ಇದು ಮಿಥ್ಯಾಚಾರವೆಂದು ಮೊದಲಿನವರ ಆಕ್ಷೇಪ. ಮನೆಯನ್ನು ತಲಪುವೆವೆಂದು ಎರಡನೆಯವರ ಸಮಾಧಾನ. ಟೈರಿಗೂ ಫೆಂಡರಿಗೂ ಭೇದವು ತೋರಕೂಡದೆಂಬ ಅದ್ವೈತದಲ್ಲಿ ಮಾತ್ರ ಉಭಯರೂ ಏಕಮತದವರು. ಆದರೆ ಆ ಅಭೇದವು ಪಾರಮಾರ್ಥಿಕವಾಗಿ ಸಿದ್ಧಿಸಿದ ಕ್ಷಣವೇ ಸುಟ್ಟ ರಬ್ಬರಿನ ವಾಸನೆಯು ಹೊರಡುವುದರಿಂದ, ವ್ಯವಹಾರದಲ್ಲಿ ಕೆಲವು ಮಿಲಿಮೀಟರುಗಳ ದ್ವೈತವನ್ನು ಉಳಿಸಿಕೊಳ್ಳುವುದು ವಿವೇಕ.

ರಾಜಶಾಸನದ ವಿರೋಧವನ್ನೂ ಪರಿಹರಿಸಬೇಕಷ್ಟೆ. ಕಾರಿನ ತಳವು ನೆಲದಿಂದ 9 ಸೆಂಟಿಮೀಟರಾದರೂ ಮೇಲಿರಬೇಕೆಂಬುದು ಜಪಾನಿನ ವಿಧಿ; ಎರಡು ವರ್ಷಕ್ಕೊಮ್ಮೆ ನಡೆಯುವ ‘ಶಾಕೆನ್’ ಪರೀಕ್ಷೆಯಲ್ಲಿ ಅದನ್ನು ಅಳೆಯುವರು. ಸಾಧಕನು ಆ ಪರ್ವಕಾಲದಲ್ಲಿ ಅಟ್ಟದಿಂದ ಮೂಲಚಕ್ರಗಳನ್ನಿಳಿಸಿ, ಕಾರನ್ನು ಶಾಸನವು ಮೆಚ್ಚುವಷ್ಟು ಎತ್ತರಿಸಿ, ಉತ್ತೀರ್ಣನಾಗಿ ಮರಳಿ, ಸಂಜೆಯೊಳಗೆ ಸ್ವಧರ್ಮದಲ್ಲಿ ಸ್ಥಿತನಾಗುವನು. ಬಳಿಕ ಯೊಕೊಹಾಮಾದ ದೈಕೊಕು ಎಂಬ, ಸುರುಳಿ ಹೆದ್ದಾರಿಗಳ ನಡುವಣ ಪಾರ್ಕಿಂಗ್ ಕ್ಷೇತ್ರಕ್ಕೆ ತೆರಳಿ, ತನ್ನಂತಹ ಅನೇಕರ ನಡುವೆ ಕಾರನ್ನು ನಿಲ್ಲಿಸುವನು. ಹೋಗುವುದಕ್ಕಾಗಿ ಕಟ್ಟಿದ ಹೆದ್ದಾರಿಯ ಗರ್ಭದಲ್ಲಿಯೇ ನಿಲ್ಲುವವರ ಪೀಠವು ಸ್ಥಾಪಿತವಾದುದು ನಮ್ಮ ಸಿದ್ಧಾಂತಕ್ಕೆ ಒದಗಿದ ಪ್ರತ್ಯಕ್ಷ ಸಮರ್ಥನೆ.

ಕೊನೆಯಲ್ಲಿ ಫಲವಿಚಾರ. ಒಳಕ್ಕೆ ವಾಲಿದ ಚಕ್ರದ ಟೈರು ಒಳ ಅಂಚಿನಲ್ಲಿ ಮಾತ್ರ ಸವೆಯುವುದರಿಂದ, ಹೊರಗಣ್ಣಿಗೆ ನವನೂತನವಾಗಿ ಕಾಣುತ್ತಿರುವಾಗಲೇ ಅದರ ಒಳಗಣ ತಂತಿಯು ಇಣುಕತೊಡಗುವುದು. ಸಾಧಕನು ಅವಧಿಗೆ ಮೊದಲೇ ಹೊಸ ಟೈರುಗಳನ್ನು ಕೊಳ್ಳುವನು. ಕರ್ಮದಲ್ಲಿ ಮಾತ್ರ ಅಧಿಕಾರ, ಫಲದಲ್ಲಿಲ್ಲ ಎಂಬ ಉಪದೇಶವನ್ನು ಇಷ್ಟು ನಿರಪೇಕ್ಷವಾಗಿ ಪಾಲಿಸುವವರು ಈ ಕಾಲದಲ್ಲಿ ವಿರಳ. ಆ ಫಲವಾದರೂ ವ್ಯರ್ಥವಾಗದೆ, ಟೈರು ವ್ಯಾಪಾರಿಗೆ ಕ್ರಮವಾಗಿ ಸಲ್ಲುತ್ತಲಿದೆ.