ಮುತ್ಯಾನ ಹರಿಗೋಲು, ಮೂರೂರಿನ ನೀರು

ನಮ್ಮ ಮನೆಯಲ್ಲೊಂದು ದೋಣಿ ಇದೆ ಎಂದು ವಿಜಯಪುರದಲ್ಲಿ ಹೇಳಿ ನೋಡಿ. ಎಲ್ಲಿ ಓಡಿಸ್ತೀರಿ ಎಂದು ಒಬ್ಬರೂ ಕೇಳುವುದಿಲ್ಲ. "ಎಷ್ಟು ಲೀಟರ್ ಹಿಡೀತೈತ್ರಿ?" ಎಂದು ಕೇಳುತ್ತಾರೆ. ಜನರದ್ದೇನೂ ತಪ್ಪಿಲ್ಲ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ, ಅದೂ ಅದಕ್ಕೆ ಮನಸ್ಸು ಬಂದರೆ. ಅಂಥ ಊರಲ್ಲಿ ನಡುವೆ ತಗ್ಗಿರುವ ಯಾವ ವಸ್ತುವನ್ನು ಕಂಡರೂ ಮೊದಲು ನೆನಪಾಗುವುದು ನಳ ಬರುವ ದಿನ.

ನಮ್ಮದು ಗುಂಡಗಿನ ಫೈಬರ್ ಹರಿಗೋಲು. ಮುತ್ಯಾನದ್ದು. ಮುತ್ಯಾ ಹುಟ್ಟಿದ್ದು ಕೃಷ್ಣೆಯ ದಂಡೆಯಲ್ಲಿ. ಮದುವೆಯಾಗಿ ಮನೆ ಅಳಿಯನಾಗಿ ಬಂದದ್ದು ಬಬಲೇಶ್ವರದ ಆಚೆಗಿನ ಮಮದಾಪುರಕ್ಕೆ. ಅಲ್ಲಿ ಕೆರೆ ಇತ್ತು ಎಂಬುದಷ್ಟೇ ಅವನು ಹೆಣ್ಣು ಒಪ್ಪಲು ಕಾರಣ ಎಂದು ಆಯಿ ಸಾಯುವವರೆಗೂ ಆಡಿಕೊಳ್ಳುತ್ತಿದ್ದಳು. ಕೆರೆಯೇನೋ ಸಣ್ಣದಲ್ಲ, ಗೋಳಗುಮ್ಮಟ ಕಟ್ಟಿಸಿದ ಮುಹಮ್ಮದ್ ಆದಿಲ್ ಶಾಹನೇ ಕಟ್ಟಿಸಿದ್ದು. ಆ ಸುಲ್ತಾನನಿಗೆ ಕಲ್ಲಿನಷ್ಟೇ ನೀರಿನ ಹುಚ್ಚೂ ಇತ್ತು. 1651ರಲ್ಲಿ ಬೇಗಂ ತಲಾಬ್ ಕಟ್ಟಿಸಿ, ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ಶಹರಕ್ಕೆ ನೀರು ತಂದ. ಕೆರೆ ಕಟ್ಟುವುದು ಸುಲ್ತಾನನ ಕೈಯಲ್ಲಿತ್ತು, ತುಂಬುವುದು ಮಳೆರಾಯನ ಕೈಯಲ್ಲಿತ್ತು. ಅವರಿಬ್ಬರ ನಡುವೆ ಮುತ್ಯಾನ ಸಂಸಾರ ನಡೆಯಬೇಕಿತ್ತು.

ಮೊದಲು ಅವನ ಬಳಿ ಇದ್ದದ್ದು ಬಿದಿರಿನ ಹರಿಗೋಲು. ಅವನ ಅಪ್ಪನ ಕಾಲಕ್ಕೆ ಅದಕ್ಕೆ ಚರ್ಮ ಹೊದಿಸುತ್ತಿದ್ದರಂತೆ. ಮುತ್ಯಾನ ಕಾಲಕ್ಕೆ ಗೊಬ್ಬರದ ಚೀಲ, ಮೇಲೆ ಡಾಂಬರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ದೊಮಿಂಗೊ ಪಾಯೆಸ್ ತುಂಗಭದ್ರೆಯಲ್ಲಿ ಈ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ: ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಮಂದಿ ಕೂಡಬಹುದು, ಆದರೆ ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತವೆ ಎಂದು. ಐನೂರು ವರ್ಷದಲ್ಲಿ ತೊಗಲು ಹೋಗಿ ಚೀಲ ಬಂತು, ಚೀಲ ಹೋಗಿ ಫೈಬರ್ ಬಂತು. ಸುತ್ತುವುದು ಮಾತ್ರ ಹೋಗಲಿಲ್ಲ.

ತೊಂಬತ್ತರ ದಶಕದಲ್ಲಿ ಮುತ್ಯಾನ ಪಾಲಿಗೆ ಫೈಬರ್ ಹರಿಗೋಲು ಬಂತು. ಇದಕ್ಕೆ ರಿಪೇರಿಯೇ ಇಲ್ಲ ಎಂದು ಯಾರೋ ಹೇಳಿದ್ದರು. ಅದನ್ನು ಕೇಳಿ ಮುತ್ಯಾನಿಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂದಿತ್ತಂತೆ. ಪ್ರತಿ ವರ್ಷ ಮಳೆಗಾಲದ ಮೊದಲು ಡಾಂಬರು ಕಾಯಿಸಿ, ಊರ ಹುಡುಗರನ್ನೆಲ್ಲ ಬೈದು, ಅರ್ಧ ತಿಂಗಳು ದೊಡ್ಡ ಮನುಷ್ಯನಾಗಿ ಮೆರೆಯುವ ಅವಕಾಶವೇ ಹೋಯಿತಲ್ಲ. ಅವನ ಸಿಟ್ಟು ಕೆರೆಗೂ ತಟ್ಟಿತೋ ಏನೋ, ಮುಂದೆ ಬರ ಬಿದ್ದು ಕೆರೆ ಬತ್ತಿತು. ರಿಪೇರಿ ಬೇಡದ ದೋಣಿ ನೀರೂ ಬೇಡದೆ ಅಂಗಳದಲ್ಲಿ ಬೋರಲಾಗಿ ಬಿತ್ತು. ಅದರ ಮೇಲೆ ಆಯಿ ಹಪ್ಪಳ ಒಣಗಿಸಿದಳು.

ಮುತ್ಯಾ ತೀರಿದ ಮೇಲೆ ವಾಟ್ನಿ ಆಯಿತು. ಹೊಲ, ಎತ್ತು, ತಾಮ್ರದ ಹಂಡೆ, ಬೋರ್‌ವೆಲ್ಲಿನ ಪಾಳಿ ಎಲ್ಲ ಕಾಗದದಲ್ಲಿ ಬಂದವು. ಹರಿಗೋಲಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಉತಾರ ಇಲ್ಲದ ಆಸ್ತಿ ಯಾರು ಒಯ್ದರೆ ಅವರದು. ಕಾಕಾ ಅದನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ತಿಕೋಟಾಕ್ಕೆ ಒಯ್ದ.

ತಿಕೋಟಾ ಎಂದರೆ ದ್ರಾಕ್ಷಿ, ದ್ರಾಕ್ಷಿ ಎಂದರೆ ಮಣೂಕ. ಗೊನೆಗಳನ್ನು ಸುಮ್ಮನೆ ಬಿಸಿಲಿಗೆ ಹರವಿದರೆ ಬೇಗ ಮಣೂಕ ಆಗುವುದಿಲ್ಲ. ಹಣ್ಣಿನ ಮೇಲೆ ಮೇಣದ ತೆಳ್ಳನೆಯ ಪದರ ಇರುತ್ತದೆ, ಅದು ನೀರನ್ನು ಸುಲಭಕ್ಕೆ ಬಿಟ್ಟುಕೊಡದು. ಅದಕ್ಕೇ ನೀರಿಗೆ ಪೊಟ್ಯಾಸಿಯಂ ಕಾರ್ಬೊನೇಟ್ ಪುಡಿಯನ್ನೂ ಡಿಪ್ಪಿಂಗ್ ಆಯಿಲನ್ನೂ ಕೂಡಿಸಿ, ಗೊನೆಗಳನ್ನು ಒಂದೆರಡು ನಿಮಿಷ ಅದ್ದಿ ತೆಗೆದು, ಶೆಡ್ಡಿನ ಬಲೆಗಳ ಮೇಲೆ ನೆರಳಲ್ಲಿ ಹರವುತ್ತಾರೆ. ಹದಿನೈದು ದಿನದೊಳಗೆ ನಾಲ್ಕು ಕಿಲೋ ದ್ರಾಕ್ಷಿ ಒಂದು ಕಿಲೋ ಮಣೂಕ. ಅದ್ದುವುದಕ್ಕೆ ಅಗಲ ಬಾಯಿಯ, ತುಕ್ಕು ಹಿಡಿಯದ ಪಾತ್ರೆ ಬೇಕು. ನಮ್ಮ ಹರಿಗೋಲು ಮೀನು ಬಿಟ್ಟು ದ್ರಾಕ್ಷಿಗೆ ಹೊರಳಿತು. ಕಟ್ಲಾ, ರೋಹು ಹಿಡಿದ ದೋಣಿಯಲ್ಲಿ ಅದ್ದಿದ ಮಣೂಕವನ್ನು ಎಷ್ಟು ಮಂದಿ ಮಡಿವಂತರು ಪಾಯಸಕ್ಕೆ ಹಾಕಿಕೊಂಡು ಚಪ್ಪರಿಸಿದರೋ, ಕಾಕಾ ಹೇಳಲಿಲ್ಲ, ವ್ಯಾಪಾರಿ ಕೇಳಲಿಲ್ಲ.

ಮುಂದೆ ಕಾಕಾ ಸಿಮೆಂಟಿನ ತೊಟ್ಟಿ ಕಟ್ಟಿಸಿದ. ಆಗ ಅಪ್ಪ ಹರಿಗೋಲನ್ನು ವಿಜಯಪುರಕ್ಕೆ ತಂದ. ನಳ ಬಂದ ದಿನ ತುಂಬಿ, ಮೇಲೆ ತಗಡು ಮುಚ್ಚಿ, ಮತ್ತೆ ನಳ ಬರುವವರೆಗೆ ಬಳಸುವುದು. ಬುಡ ಸೋರತೊಡಗಿದಾಗ ಅದರಲ್ಲಿ ಮಣ್ಣು ತುಂಬಿ ಮೆಂತ್ಯೆ ಪಲ್ಯ ಬೆಳೆದರು.

ಈಚಿನ ವರ್ಷಗಳಲ್ಲಿ ಕೃಷ್ಣೆಯ ನೀರನ್ನು ಎತ್ತಿ ತಂದು ನಮ್ಮ ಕಡೆಯ ಕೆರೆಗಳಿಗೆ ತುಂಬಿಸತೊಡಗಿದ ಮೇಲೆ ಎಲ್ಲ ಲೆಕ್ಕವೂ ಬುಡಮೇಲಾಯಿತು. ಮಮದಾಪುರದಲ್ಲಿ ನೀರು ನಿಂತಿತು, ಮೀನಿನ ಮರಿ ಬಿಟ್ಟರು. ಅಲ್ಲೇ ಇರುವ ನನ್ನ ಅತ್ತಿ ಮಗ ಫೋನ್ ಮಾಡಿದ. "ಮುತ್ಯಾನ ಹರಿಗೋಲ ಐತಲ್ಲೋ, ಅದನ್ನ ರಿಪೇರಿ ಮಾಡಿಸಿ ಕಳಸು." ರಿಪೇರಿಯೇ ಇಲ್ಲದ ವಸ್ತುವಿನ ರಿಪೇರಿ ಹೀಗೆ ನನ್ನ ಪಾಲಿಗೆ ಬಂತು.

ಮೆಂತ್ಯೆಯ ಮಣ್ಣು ತೆಗೆದರೆ ಅದರ ಕೆಳಗೆ ಮಣೂಕದ ಜಿಗುಟು, ಕಪ್ಪಾಗಿ ಗಟ್ಟಿಯಾಗಿತ್ತು. ಬಿಸಿನೀರು ಹಾಕಿ ಕೆರೆದಾಗ ಓಣಿಯ ಇರುವೆಗಳಿಗೆಲ್ಲ ಸುದ್ದಿ ಮುಟ್ಟಿತು. ಹೊರಮೈ ಬಿಸಿಲಿಗೆ ಸುಣ್ಣದ ಹಾಗೆ ಪುಡಿಯಾಗಿ, ಗಾಜಿನ ನಾರು ಎದ್ದು ನಿಂತಿತ್ತು. ಅದನ್ನು ತಿಕ್ಕಿದವರಿಗೆ ತುರಿಕೆ. ಮುಂಗೈ, ಕುತ್ತಿಗೆ, ಬನಿಯನ್ನಿನ ಒಳಗೆ. ಅವ್ವ ಕೊಬ್ಬರಿ ಎಣ್ಣೆ ಹಚ್ಚಿದಳು; ಎಣ್ಣೆಯಿಂದ ತುರಿಕೆ ಹೋಗಲಿಲ್ಲ, ಆಫೀಸಿನಲ್ಲಿ ನನ್ನ ಪಕ್ಕದ ಕುರ್ಚಿ ಮಾತ್ರ ಖಾಲಿಯಾಯಿತು.

ವಿಜಯಪುರದಲ್ಲಿ ದೋಣಿ ಮಿಸ್ತ್ರಿ ಎಲ್ಲಿ ಸಿಗಬೇಕು? ಸಿಕ್ಕವನು ಕಾರಿನ ಬಂಪರ್, ಗಣಪತಿ ಮಂಟಪದ ಕಂಬ ಮಾಡುವ ಫೈಬರ್ ಮಿಸ್ತ್ರಿ. ಹರಿಗೋಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದ: "ಯಾವ ಗಾಡಿದ್ರಿ ಇದು?"

"ಗಾಡಿ ಅಲ್ರಿ, ದೋಣಿ."

"ಮುಂದಿನ ಮಗ್ಗಲ ಯಾವುದು?"

ಆ ಪ್ರಶ್ನೆಗೆ ಪಾಯೆಸ್‌ನಿಂದ ಹಿಡಿದು ಮುತ್ಯಾನವರೆಗೆ ಯಾರ ಬಳಿಯೂ ಉತ್ತರ ಇರಲಿಲ್ಲ.

ಆದರೆ ಮಿಸ್ತ್ರಿ ಕೆಲಸ ಬಲ್ಲವನು. ಬಿರುಕಿನ ಸುತ್ತ ಗ್ರೈಂಡರ್ ಹಿಡಿದು ಅಂಚನ್ನು ಇಳಿಜಾರಾಗಿ ತೆಗೆದ. ಹೊಸ ಪದರಕ್ಕೆ ಹಳೆಯದರ ಮೇಲೆ ಹಿಡಿತ ಬೇಕು, ಎಂ-ಸೀಲ್ ಮೆತ್ತಿ ಮೇಲೆ ಪೇಂಟ್ ಹೊಡೆದರೆ ಅದು ರಿಪೇರಿ ಅಲ್ಲ, ಮೇಕಪ್ಪು ಎಂದ. ಗಾಜಿನ ನಾರಿನ ಮ್ಯಾಟನ್ನು ಸಣ್ಣದರಿಂದ ದೊಡ್ಡದಕ್ಕೆ ಅಳತೆ ಮಾಡಿ ಕತ್ತರಿಸಿಕೊಂಡ. ಇನ್ನು ರೆಸಿನ್ನಿಗೆ ಹಾರ್ಡ್‌ನರ್ ಬೆರೆಸಬೇಕು. ನೂರಕ್ಕೆ ಒಂದೆರಡು ಭಾಗದ ಆಟ ಅದು, ಹೆಚ್ಚಾದರೆ ಕಾದು ಹೊಗೆಯಾಡುತ್ತದೆ. ನಮ್ಮ ಮೇ ತಿಂಗಳಲ್ಲಂತೂ ಸೂರ್ಯನೇ ಅರ್ಧ ಹಾರ್ಡ್‌ನರ್. ಅದಕ್ಕೇ ಬೆಳಿಗ್ಗೆ ಐದಕ್ಕೆ ಶುರು ಮಾಡಿ ಬಿಸಿಲೇರುವ ಮೊದಲು ಮುಗಿಸಬೇಕು ಎಂದು ಮಿಸ್ತ್ರಿಯ ಕಟ್ಟಪ್ಪಣೆ. ಅವನ ಕೈಕೆಳಗಿನ ಹುಡುಗ ಎಂಟು ಗಂಟೆಗೆ ಕಣ್ಣು ತಿಕ್ಕುತ್ತ ಬಂದು, ಡಬ್ಬಿ ಸಿಗದೆ ಅವ್ವನ ಸ್ಟೀಲ್ ತಂಬಿಗೆಯಲ್ಲಿ ರೆಸಿನ್ ಕಲಸಿದ. ಚಹಾ ಕುಡಿದು ಬರುವಷ್ಟರಲ್ಲಿ ಅದು ಬುಸುಗುಟ್ಟಿ, ಬ್ರಷ್ ನೆಟ್ಟಗೆ ನಿಂತಂತೆಯೇ ಕಲ್ಲಾಯಿತು. ಆ ತಂಬಿಗೆ ಈಗ ಹಿತ್ತಲ ಬಾಗಿಲು ಬಡಿಯದಂತೆ ಒತ್ತಿಡಲು ಉಪಯೋಗ. ಬ್ರಷ್ಷೇ ಹಿಡಿಕೆ.

ಪದರಗಳು ಕೂತವು, ಜೆಲ್‌ಕೋಟ್ ಬಿತ್ತು. ಇನ್ನು ಪರೀಕ್ಷೆ. ನೀರಿಗೆ ಇಳಿಸಿ ನೋಡೋಣ ಎಂದರೆ ಭೂತನಾಳ ಕೆರೆಯವರೆಗೆ ಒಯ್ಯಬೇಕು. "ಒಳಗ ನೀರ ತುಂಬ್ರಿ, ಎಲ್ಲಿ ಹೊರಗ ಬರ್ತೈತಿ ನೋಡೂಣು," ಎಂದ ಮಿಸ್ತ್ರಿ. ಹೊರಗಿನ ನೀರು ಒಳಗೆ ಬರಬಾರದ ವಸ್ತುವಿಗೆ ಒಳಗಿನ ನೀರು ಹೊರಗೆ ಹೋಗುತ್ತದೋ ಎಂದು ನೋಡುವುದು ತಿರುಗಾಮುರುಗಾ ಅನ್ನಿಸಿದರೂ ತೂತಿಗೆ ದಿಕ್ಕಿಲ್ಲ, ಪದ್ಧತಿ ಸರಿಯೇ. ನಳ ಬಂದ ದಿನ ಓಣಿಯಲ್ಲಿ ನಾಲ್ಕು ಇಟ್ಟಿಗೆ ಇಟ್ಟು, ಅದರ ಮೇಲೆ ಹರಿಗೋಲು ಕೂರಿಸಿ, ಕಂಠಮಟ್ಟ ತುಂಬಿದೆವು. ಒಂದು ತಾಸು ಬಿಟ್ಟು ನೋಡಿದರೆ ನೀರು ಗೇಣುದ್ದ ಇಳಿದಿತ್ತು. ಮಿಸ್ತ್ರಿ ನೆಲದ ಮೇಲೆ ಮಲಗಿ ಬುಡವನ್ನೆಲ್ಲ ಕೈಯಾಡಿಸಿದ. ಒಂದು ಹನಿ ಇಲ್ಲ. ನಾನೂ ಮಲಗಿ ನೋಡಿದೆ. ಒಣಗಟ್ಟಿ. ಇನ್ನೊಂದು ತಾಸಿಗೆ ಮತ್ತೆ ಗೇಣುದ್ದ. ನಮ್ಮ ಬೆನ್ನ ಹಿಂದೆ ಕೊಡದ ಸಪ್ಪಳ ಆದಾಗಲೇ ಗೊತ್ತಾದದ್ದು. "ಹೆಂಗೂ ಚೆಲ್ಲಾವ್ರಲ್ಲೇನ್ರಿ?" ಎಂದಳು ಪಕ್ಕದ ಮನೆಯಾಕೆ. ಅವಳ ಹಿಂದೆ ಪಾಳಿ ಹಚ್ಚಿದವರು ಇನ್ನೂ ಇದ್ದರು. ಸಂಜೆಯ ಹೊತ್ತಿಗೆ ಹರಿಗೋಲು ಪಾಸಾಯಿತು, ನೀರೂ ಮುಗಿಯಿತು.

ಟಂಟಂನಲ್ಲಿ ಬೋರಲು ಹಾಕಿ ಹಗ್ಗ ಬಿಗಿದು ಹೊರಟೆವು. ಬಬಲೇಶ್ವರದ ಚಹಾದಂಗಡಿಯಲ್ಲಿ ಒಬ್ಬ ಮುದುಕ, "ಗೋಳಗುಮ್ಮಟ ಮರಿ ಹಾಕೈತಿ ನೋಡ್ರೋ," ಎಂದ. ತಾಯಿಯ ಗುಮ್ಮಟಕ್ಕೆ ಹೊರವ್ಯಾಸ 44 ಮೀಟರ್. ಮರಿ ಬಹಳ ಸೊರಗಿತ್ತು ಎನ್ನಬೇಕು.

ಕೆರೆಗೆ ಇಳಿಸಿದ್ದು ಶ್ರಾವಣದಲ್ಲಿ. ಅವ್ವ ಕಾಯಿ ಒಡೆದಳು. ತಿಂಗಳಿಡೀ ಮನೆಯಲ್ಲಿ ಮೀನು ಬೇಯಿಸುವಂತಿಲ್ಲ, ಆದರೆ ಮೀನಿನ ದೋಣಿಗೆ ಪೂಜೆ ಮಾಡಬಹುದು. ದೇವರು ಇಂಥ ಸಣ್ಣ ಲೆಕ್ಕ ಇಡುವುದಿಲ್ಲ ಎಂದು ಅವಳ ನಂಬಿಕೆ. ಅತ್ತಿ ಮಗ ಹುಟ್ಟು ಹಿಡಿದ, ನಾನು ಎದುರಿಗೆ ಕೂತೆ. ಹರಿಗೋಲು ದಂಡೆ ಬಿಟ್ಟದ್ದೇ ತಡ ಸುತ್ತತೊಡಗಿತು. ಬಗ್ಗಿ ಬುಡ ಮುಟ್ಟಿದೆ, ಒಣಗಿತ್ತು.

ಅಷ್ಟರಲ್ಲಿ ತಿಕೋಟಾದಿಂದ ಕಾಕಾ ಮೋಟರ್‌ಸೈಕಲ್ಲಿನಲ್ಲಿ ಬಂದು ಏರಿಯ ಮೇಲೆ ನಿಂತ. ಹೊಸ ಬಣ್ಣದ ಹರಿಗೋಲನ್ನು ನೋಡಿದ. "ತಮ್ಮಾ, ಫೆಬ್ರುವರಿಗೆ ದ್ರಾಕ್ಷಿ ಕಟಾವ ಐತಿ! ತೊಟ್ಟಿ ಸೀಳೈತಿ! ಎರಡ ತಿಂಗಳ ಮಟ್ಟಿಗೆ ಕಳಸು!"

"ಬಾಡಿಗಿ ಆಗ್ತೈತಿ ಮಾಮಾ!" ಎಂದು ಕೂಗಿದ ಅತ್ತಿ ಮಗ.

"ನಮ್ಮಪ್ಪನ ದೋಣಿಗೆ ನಾ ಬಾಡಿಗಿ ಕೊಡ್ಲ್ಯಾ? ಏ, ನೀ ಹೇಳೋ ಅವಗ!" ಎಂದು ಕಾಕಾ ನನ್ನ ಕಡೆ ಕೈ ಮಾಡಿದ. ಅಷ್ಟರಲ್ಲಿ ಹರಿಗೋಲು ಅರ್ಧ ಸುತ್ತು ತಿರುಗಿ ನನ್ನ ಬೆನ್ನು ಅವನ ಕಡೆಗಾಗಿತ್ತು. ಮೆಲ್ಲಗೆ ಹುಟ್ಟು ಹಾಕು ಎಂದು ಅತ್ತಿ ಮಗನಿಗೆ ಹೇಳಿದೆ.