ಬಟ್ಟೆ ಸಂಘದ ಅಧ್ಯಕ್ಷೆ

ಸಂಘ ಕಟ್ಟುವ ಚಟದವರು ಪ್ರತಿ ಕಾಲೇಜಿನಲ್ಲೂ ಒಬ್ಬರಿರುತ್ತಾರೆ. ನಮ್ಮ ಬೆಂಗಳೂರಿನ ಕಾಲೇಜಿನವಳು ಎರಡನೇ ಬಿ.ಕಾಂ. ಹಳೇ ಬಟ್ಟೆ ಕೊಳ್ಳುವ, ಅದಲುಬದಲು ಮಾಡಿಕೊಳ್ಳುವ ಸಂಘದ ಅಧ್ಯಕ್ಷೆ. ಸಲಹೆಗಾರ ನಾನು, ಕನ್ನಡ ಮೇಷ್ಟ್ರು. ನಾನೇ ಯಾಕೆ ಅಂದರೆ, "ಸರ್, ಇಡೀ ಕಾಲೇಜಲ್ಲಿ ಸಸ್ಟೇನಬಲ್ ಆಗಿ ಡ್ರೆಸ್ ಮಾಡೋರು ನೀವೊಬ್ರೇ" ಎಂದಳು. ಹೊಗಳಿಕೆಗೆ ಉಬ್ಬಿ ಸಹಿ ಹಾಕಿದೆ. ಸ್ಟಾಫ್ ರೂಮಿನವರು ಇನ್ನೂ ನಗುತ್ತಿದ್ದಾರೆ.

ಅಂಕಿಅಂಶವೆಲ್ಲ ಅವಳಿಗೆ ಬಾಯಿಪಾಠ. ಒಂದು ಕಾಟನ್ ಟೀ ಶರ್ಟಿಗೆ ಸುಮಾರು 2,700 ಲೀಟರ್ ನೀರು. ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ ಬಿಸಾಡಿದ ಬಟ್ಟೆಯ ಗುಡ್ಡ. 2013ರಲ್ಲಿ ಢಾಕಾ ಬಳಿ ರಾಣಾ ಪ್ಲಾಜಾ ಕುಸಿದು ಸತ್ತ 1,100ಕ್ಕೂ ಹೆಚ್ಚು ಗಾರ್ಮೆಂಟ್ಸ್ ಕೆಲಸಗಾರರು. ಕ್ಯಾಂಟೀನಿನಲ್ಲಿ ಹೊಸ ಟೀ ಶರ್ಟಿನವನು ಸಿಕ್ಕಿದರೆ ಅವನ ದೋಸೆ ತಣ್ಣಗಾಗುವವರೆಗೂ ಬಿಡಳು. ಹೇಳುವುದೆಲ್ಲ ನಿಜ, ಅದೇ ಕಷ್ಟ, ಜಗಳಕ್ಕೂ ಜಾಗವಿಲ್ಲ.

ಒಂದು ಭಾನುವಾರ ಸಂಗ್ರಹಕ್ಕೆಂದು ನಮ್ಮನೆಗೇ ಬಂದಳು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ನನ್ನ ಕಂದು ಚೌಕಳಿ ಶರ್ಟು ಚೀಲ ಸೇರಿತ್ತು. "ಅದನ್ನಿನ್ನೂ ಹಾಕ್ಕೋತಿದೀನಲ್ಲೇ!" ಎಂದೆ. "ಅದಕ್ಕೇ ಕೊಟ್ಟೆ" ಎಂದಳು ನನ್ನ ಹೆಂಡತಿ. ಅಧ್ಯಕ್ಷೆ ರಸೀದಿ ಹರಿದಳು.

ಮುಂದಿನ ವಾರ ಪಂಪನ ಪಾಠ. ಕರ್ಣ ಇಂದ್ರನಿಗೆ ಕವಚ ಸುಲಿದುಕೊಡುವ ಭಾಗ. ಕಣ್ಣೆತ್ತಿದರೆ ಕೊನೇ ಬೆಂಚಿನಲ್ಲಿ ನನ್ನ ಶರ್ಟು. ಒಳಗೆ ನನ್ನ ಅರ್ಧದಷ್ಟಿರುವ ಹುಡುಗ. "ಓವರ್‌ಸೈಜ್ ಸರ್, ವಿಂಟೇಜ್" ಎಂದ, ಕೇಳದಿದ್ದರೂ. ಅವತ್ತು ಕರ್ಣನ ದುಃಖವನ್ನು ನಾನು ವಿವರಿಸಿದ ರೀತಿಗೆ ಮುಂದಿನ ಬೆಂಚಿನವರು ಕಣ್ಣೊರೆಸಿಕೊಂಡರು. ಆದರೂ ಕರ್ಣನಿಗೆ ಬದಲಿಗೆ ಶಕ್ತ್ಯಾಯುಧ ಸಿಕ್ಕಿತು. ನನಗೆ ಸಿಕ್ಕಿದ್ದು ಒಂದು ಕೂಪನ್ನು. ಅದಕ್ಕೆ ನನ್ನ ಅಳತೆಯದೇನೂ ಬರಲಿಲ್ಲ.

ಬಟ್ಟೆ ಆರಿಸುವಾಗ ಅಧ್ಯಕ್ಷೆಯನ್ನು ನೋಡಬೇಕು. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುತ್ತ ಬೀದಿಗೆ ಬರುತ್ತಿದ್ದ ಹೆಂಗಸರ ಕಣ್ಣೇ: ಮೊದಲು ಕಾಲರು, ಆಮೇಲೆ ಕಂಕುಳು, ಕೊನೆಗೆ ಬೆಳಕಿಗೆ ಹಿಡಿದು ತೂತು. ಗದಗಿನ ಕಡೆಯ ನಮ್ಮ ಮನೆಯಲ್ಲಿ ದೊಡ್ಡಣ್ಣನ ಅಂಗಿ ನನ್ನವರೆಗೆ ಇಳಿದು, ಹರಿದಮೇಲೆ ಅವ್ವನ ಕೈಯಲ್ಲಿ ಕೌದಿಯಾಗುತ್ತಿತ್ತು ಎಂದೆ. "ನಿಮ್ಮಮ್ಮ ಪಯೋನಿಯರ್ ಸರ್!" ಎಂದಳು. ಅವ್ವನಿಗೆ ಬೇರೆ ದಾರಿಯೇ ಇರಲಿಲ್ಲ ಎಂಬುದನ್ನು ಹೇಗೆ ಹೇಳುವುದು?

ಹೇಳಬೇಕಾಗಲಿಲ್ಲ. ಅದಲುಬದಲು ಮೇಳದ ದಿನ ಒಬ್ಬ ಹುಡುಗ ಮೇಜಿನ ಹತ್ತಿರ ಸುಳಿಯಲೇ ಇಲ್ಲ. ಹುಟ್ಟಿದಾಗಿನಿಂದ ಅಣ್ಣಂದಿರ ಬಟ್ಟೆಯಲ್ಲೇ ಬೆಳೆದವನು. ಅವತ್ತು ತನ್ನ ದುಡ್ಡಿನಲ್ಲಿ ಕೊಂಡ ಹೊಸ ಟೀ ಶರ್ಟು ಹಾಕಿ ಬಂದಿದ್ದ, ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ಅಧ್ಯಕ್ಷೆ ಎದ್ದು ಅವನ ಕಡೆ ಹೊರಟಾಗ ನನ್ನೆದೆ ಧಸಕ್ಕೆಂದಿತು. ಆದರೆ 2,700 ಲೀಟರ್ ಬಾಯಿಗೆ ಬರಲಿಲ್ಲ. "ಕಲರ್ ಚೆನ್ನಾಗಿದೆ ಕಣೋ" ಎಂದು, ಟೀ ಕುಡಿಯೋಣ ಬಾ ಅಂತ ಕರೆದುಕೊಂಡು ಹೋದಳು. ಹುಡುಗಿ ಪರವಾಗಿಲ್ಲ.

ಬರುವ ತಿಂಗಳು ಮತ್ತೆ ಮೇಳವಿದೆ. ಕೊಡುವವರು ಒಗೆದು, ಗುಂಡಿ ಹೊಲಿದು ಕೊಡಿ. ಗಂಡನ ಬಟ್ಟೆ ಕೊಡುವ ತಾಯಂದಿರು ದಯವಿಟ್ಟು ಅವನನ್ನೂ ಒಂದು ಮಾತು ಕೇಳಿ.