ನೋಡೂಣ ಕಾಕಾ

ಹೆಣ್ಣು ನೋಡಿ ಬಂದ ಮೇಲೂ, ಹೊಲ ನೋಡಿ ಬಂದ ಮೇಲೂ, ಎತ್ತಿನ ಹಲ್ಲು ಎಣಿಸಿ ಆದ ಮೇಲೂ ‘ಹೂಂ’ ಅನ್ನದೆ, ‘ಊಹೂಂ’ ಎಂದೂ ಅನ್ನದೆ, ‘ನೋಡೂಣ’ ಅಂದು ಎದ್ದು ಹೋಗುವವರ ಒಂದು ದೊಡ್ಡ ಪಂಗಡವೇ ಗಡಿಭಾಗದ ನಮ್ಮ ಜತ್ತ ತಾಲ್ಲೂಕಿನಲ್ಲಿದೆ. ಆ ಪಂಗಡದ ಹಿರಿಯರು ನಮ್ಮ ಡಿಟಿಪಿ ಕಾಕಾ. ನಿಜವಾದ ಹೆಸರು ಬರೆಯುವ ಧೈರ್ಯ ನನಗಿಲ್ಲ. ಬರೆದರೆ, ನಮ್ಮ ಮನೆಯ ಮುಂದಿನ ಲಗ್ನಪತ್ರಿಕೆಯಲ್ಲಿ ನನ್ನ ಹೆಸರಿನ ಒತ್ತಕ್ಷರ ಹಾರಿಹೋದೀತು. ಕೇಳಿದರೆ ‘ಪ್ರೂಫ್ ನೋಡಿದಾಂವ ನೀನs ಅಲ್ಲೇನು?’ ಅನ್ನುತ್ತಾರೆ.

ಕಾಕಾರ ಮುಂದಿರುವ ಪ್ರಶ್ನೆ ಒಂದೇ: ಕಂಪ್ಯೂಟರಿಗೆ ವಿಂಡೋಸ್ 11 ಹಾಕುವುದೋ ಬೇಡವೋ. ಅದು ಬಿಡುಗಡೆಯಾದದ್ದು 2021ರ ಅಕ್ಟೋಬರಿನಲ್ಲಿ. ಆಗಿನಿಂದ ಅಂಗಡಿಗೆ ಝೆರಾಕ್ಸಿಗೆ ಬಂದವರು, ಹೊಲದ ಸಾತಬಾರಾ ಉತಾರೆಗೆ ಬಂದವರು, ಬರೀ ಫ್ಯಾನಿನ ಗಾಳಿಗೆ ಬಂದು ಕೂತವರು, ಎಲ್ಲರಿಗೂ ಕಾಕಾ ಚಾ ಹೇಳುವ ಮೊದಲೇ ಕೇಳುವುದು, ‘ಹಾಕ್ಲ್ಯೋ ಬ್ಯಾಡೋ?’

ಗೊತ್ತಿಲ್ಲದ ಮನುಷ್ಯನಾಗಿದ್ದರೆ ಕ್ಷಮಿಸಬಹುದಿತ್ತು. ಕಾಕಾರಿಗೆ ಎಲ್ಲ ಗೊತ್ತು. ಎಕ್ಸ್‌ಪಿ ಹುಟ್ಟಿದ್ದು 2001ರ ಅಕ್ಟೋಬರ್ 25ಕ್ಕೆ, ಕಂಪನಿ ಅದರ ಕೈಬಿಟ್ಟದ್ದು 2014ರ ಏಪ್ರಿಲ್ 8ಕ್ಕೆ, ಸೆವೆನ್‌ನ ಋಣ ತೀರಿದ್ದು 2020ರ ಜನವರಿ 14ರ ಸಂಕ್ರಮಣದ ಹೊತ್ತಿಗೆ. ಊರಿನ ಹಿರಿಯರು ಯಾರು ಯಾವ ಅಮಾವಾಸ್ಯೆಗೆ ತೀರಿಕೊಂಡರೆಂದು ನೆನಪಿಟ್ಟಷ್ಟೇ ಚೊಕ್ಕವಾಗಿ ಹೇಳುತ್ತಾರೆ. ಹನ್ನೊಂದಕ್ಕೆ ಏನು ಬೇಕೆಂಬುದೂ ಬಾಯಿಪಾಠ: ನಾಲ್ಕು ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ಪು, ಇಂಟೆಲ್ ಆದರೆ ಎಂಟನೆಯ ಪೀಳಿಗೆ ಅಥವಾ ಅದರ ನಂತರದ ಪ್ರೊಸೆಸರ್. ಇಷ್ಟು ತಿಳಿದವರಿಗೆ ನಿರ್ಧಾರಕ್ಕೆ ಹತ್ತು ನಿಮಿಷ ಸಾಕು ಎಂದು ನೀವು ಅಂದುಕೊಂಡರೆ, ನಿಮಗೆ ಈ ಪಂಗಡ ಗೊತ್ತಿಲ್ಲ. ಮಾಹಿತಿ ಹೆಚ್ಚಿದಷ್ಟೂ ಇವರ ‘ನೋಡೂಣ’ ಉದ್ದವಾಗುತ್ತದೆ.

ಇವರ ಕಪಾಟಿನ ಒಳಬಾಗಿಲಿಗೆ ಪತ್ರಿಕೆಯ ಒಂದು ಕತ್ತರಿಕೆ ಅಂಟಿಸಿದೆ. 2016ರಲ್ಲಿ ಹತ್ತನೆಯ ವಿಂಡೋಸನ್ನು ಪುಕ್ಕಟೆ ಹಂಚುತ್ತಿದ್ದಾಗ, ಕಂಪನಿ, ಬೇಡವೆಂದು ಕೆಂಪು ಗುಣಾಕಾರದ ಗುರುತು ಒತ್ತಿದರೂ ಅದನ್ನೇ ಒಪ್ಪಿಗೆ ಎಂದು ತಿಳಿದು ಅಪ್‌ಗ್ರೇಡಿಗೆ ಮುಹೂರ್ತ ಇಟ್ಟುಬಿಡುತ್ತಿತ್ತು. ಜಗತ್ತಿನ ತುಂಬ ಬೊಬ್ಬೆಯಾಯಿತು. ಕ್ಯಾಲಿಫೋರ್ನಿಯಾದ ಒಬ್ಬ ಹೆಣ್ಣುಮಗಳು ಕೋರ್ಟಿಗೆ ಹೋಗಿ 10,000 ಡಾಲರ್ ಪಡೆದಳು. ಕಾಕಾ ಆ ಕತ್ತರಿಕೆಗೆ ದಸರೆಯ ದಿನ ಕುಂಕುಮ ಹಚ್ಚುತ್ತಾರೆ ಅಂತ ಹುಡುಗರು ಚೇಷ್ಟೆ ಮಾಡುತ್ತಾರೆ. ನಾನು ನೋಡಿಲ್ಲ, ಆದರೆ ನಂಬುತ್ತೇನೆ.

ಇನ್ನು ನನ್ನ ಕಥೆ. ತಂಗಿಯ ಮಗಳ ಲಗ್ನ. ನಾವು ಕನ್ನಡದವರು, ಬೀಗರು ಮಿರಜಿನ ಮರಾಠಿಯವರು. ಪತ್ರಿಕೆ ಎರಡು ಮುಖದ್ದು: ಒಂದು ಬದಿಗೆ ‘ಶ್ರೀ ದಾನಮ್ಮದೇವಿ ಪ್ರಸನ್ನ’ ಅಂತ ಕನ್ನಡ, ಇನ್ನೊಂದು ಬದಿಗೆ ಗಣಪತಿ, ಮರಾಠಿ. ಗುಡ್ಡಾಪುರದ ದಾನಮ್ಮನ ಹೆಸರು ತಪ್ಪಿಲ್ಲದೆ ಹೊಡೆದು, ಅದೇ ಕೈಯಿಂದ ಮರಾಠಿಯ ‘ಸಸ್ನೇಹ ನಿಮಂತ್ರಣ’ವನ್ನೂ ಹೊಡೆಯುವವರು ಈ ಭಾಗದಲ್ಲಿ ಕಾಕಾ ಬಿಟ್ಟರೆ ಕಡಿಮೆ. ಹಾಗಾಗಿ ಎಲ್ಲ ಸಹಿಸಿಕೊಂಡು ಅಲ್ಲಿಗೇ ಹೋದೆ.

ಬೀಗರ ಕಡೆಯ ಹೆಸರುಗಳ ಪಟ್ಟಿ ವಾಟ್ಸಾಪಿಗೆ ಬಂದಿತ್ತು. ಅದನ್ನು ತೆಗೆಯಲು ಕಾಕಾ ಹತ್ತನೆಯ ವಿಂಡೋಸಿನ ಮಶೀನಿನ ಮುಂದೆ ಕೂತದ್ದೇ ತಡ, ಪರದೆ ತುಂಬ ನೀಲಿ ಬಣ್ಣದ ಒಂದು ಸೂಚನೆ: 2025ರ ಅಕ್ಟೋಬರ್ 14ಕ್ಕೆ ಈ ವಿಂಡೋಸಿನ ಬೆಂಬಲ ಮುಗಿಯುತ್ತದೆ. ಕಾಕಾ ಮೌಸ್ ಕೆಳಗಿಟ್ಟರು. ಕನ್ನಡಕ ತೆಗೆದರು. ಸಭೆ ಕೂಡಿತು.

ಸಭೆಯಲ್ಲಿ ನಾನು, ಒಬ್ಬ ದಾಳಿಂಬೆ ರೈತ, ರಜೆಯ ಅರ್ಜಿ ಟೈಪ್ ಮಾಡಿಸಲು ಬಂದ ಎಸ್‌ಟಿ ಕಂಡಕ್ಟರ್, ನಿವೃತ್ತ ತಲಾಠಿ, ಮತ್ತೆ ಮಾಡಗ್ಯಾಳದ ಕಡೆಯ ಒಬ್ಬ ಕುರಿ ಮಾಲೀಕ. ಗಿಳಿಮೂಗಿನ ಆ ಕುರಿಗಳ ಬೆಲೆ ಕೇಳಿದರೆ ಕಂಪ್ಯೂಟರಿನ ಬೆಲೆ ನಾಚಿಕೊಳ್ಳಬೇಕು. ಆದ್ದರಿಂದ ಮೊದಲ ಮಾತು ಅವನದೇ ಆಯಿತು.

‘ಕಾಕಾ, ಇದರ ಹಲ್ಲೆಷ್ಟು?’

‘ಏಳನೇ ಪೀಳಿಗಿ ಐತಿ.’

‘ಬಾಯಿಗೂಡಿ ಮುಗದೈತಿ ಬಿಡ್ರಿ. ಹೊಸಾದು ತರ‍್ರಿ.’

ತಲಾಠಿಯವರು ಕೆಮ್ಮಿದರು. ‘ಗಡಬಡಿ ಬ್ಯಾಡ. ಈಗ ಇರೂ ವಿಂಡೋಸ್ ಯಾರ ಹೆಸರಿಲೆ ಐತಿ? ಲೈಸೆನ್ಸ್ ತೋರಸ್ರಿ. ಮೊದಲ ಅದರ ಫೇರಫಾರ ಆಗಬೇಕಲ್ಲ?’

ಅಂಗಡಿಯಲ್ಲಿ ಫ್ಯಾನಿನ ಸಪ್ಪಳ ಮಾತ್ರ ಉಳಿಯಿತು. ಕಾಕಾ ಮೇಜಿನ ಮೇಲಿನ ಧೂಳು ಒರೆಸಿದರು. ಕಂಡಕ್ಟರ್ ಪುಣ್ಯಾತ್ಮ, ಮಾತು ಬೇರೆ ಕಡೆ ತಿರುಗಿಸಿದ. ‘ನಮ್ಮ ಡಿಪೋದಾಗ ಹೊಸಾ ಟಿಕೆಟ್ ಮಶೀನ್ ಬಂತರಿ. ಹಳೇದs ಛಲೋ ಇತ್ತು.’ ದಾಳಿಂಬೆಯವನು ತನ್ನ ಉತಾರೆ ಯಾವಾಗ ಸಿಗುತ್ತದೆ ಅಂದ. ಅವನ ಮಾತನ್ನು ನಡಾವಳಿಯಲ್ಲಿ ಸೇರಿಸಿಕೊಳ್ಳಲಿಲ್ಲ.

ನಾನೂ ಸುಮ್ಮನಿರಲಿಲ್ಲ. ಟಿಪಿಎಂ ಅಂದರೇನು, ಬೆಂಬಲ ಮುಗಿದ ಮೇಲೆ ಹೊಸ ವೈರಸ್ಸಿಗೆ ಮದ್ದು ಬರುವುದಿಲ್ಲ ಅಂದರೇನು, ಅಂತ ಐದನೆಯ ಇಯತ್ತೆಗೆ ಪಾಠ ಮಾಡುವ ಧ್ವನಿಯಲ್ಲಿ ಭಾಷಣ ಬಿಗಿದೆ. ಇವತ್ತಿಗೂ ಪ್ರಶ್ನಪತ್ರಿಕೆಯನ್ನು ಕೈಯಲ್ಲಿ ಬರೆದು ಕಾಕಾರ ಹತ್ತಿರ ಓಡುವ ಮಾಸ್ತರ ನಾನು. ಆದರೆ ಉಪದೇಶಕ್ಕೆ ಟೈಪಿಂಗ್ ಬರಬೇಕೆಂದೇನಿಲ್ಲವಲ್ಲ. ಕಾಕಾ ಪೂರಾ ಕೇಳಿಕೊಂಡರು. ಆಮೇಲೆ, ಮಶೀನನ್ನೇ ಕೇಳಿಬಿಡೋಣ ಅಂದು, ಅರ್ಹತೆ ಪರೀಕ್ಷಿಸುವ ಕಂಪನಿಯ ಪ್ರೋಗ್ರಾಮನ್ನು ಓಡಿಸಿದರು. ಈ ಪಿಸಿ ಹನ್ನೊಂದಕ್ಕೆ ಅರ್ಹವಲ್ಲ ಅಂತ ಬಂತು. ಕಾಕಾರ ಮುಖದಲ್ಲಿ ಆಗ ಕಂಡಂಥ ಸಮಾಧಾನವನ್ನು ನಾನು ವರದಕ್ಷಿಣೆ ಬೇಡವೆಂದ ಬೀಗರ ಮುಂದೆ ಕೂತ ಹೆಣ್ಣಿನ ತಂದೆಯಲ್ಲೂ ಕಂಡಿಲ್ಲ. ‘ನಾ ಬ್ಯಾಡ ಅಂದಿಲ್ಲಪಾ. ಮಶೀನs ಒಲ್ಲೆ ಅಂತೈತಿ!’

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಕಾಕಾರ ಅಳಿಯ ಪುಣೆಯಲ್ಲಿ ಕಂಪ್ಯೂಟರ್ ಕೆಲಸದವ. ಅರ್ಹತೆ ಇಲ್ಲದ ಮಶೀನಿಗೂ ಅಡ್ಡದಾರಿಯಿಂದ ಹನ್ನೊಂದು ಹಾಕಬಹುದು ಅಂತ ಅವನು ಹಿಂದೊಮ್ಮೆ ಹೇಳಿದ್ದನಂತೆ. ಅಡ್ಡದಾರಿ ಒಳ್ಳೆಯದೋ ಕೆಟ್ಟದ್ದೋ ಅನ್ನುವ ಹೊಸ ಸಭೆ ಶುರುವಾಗುವಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಕುಂಯ್‌ಗುಟ್ಟಿತು. ಕುರಿಯವನು ‘ಇದು ಬರೊಬ್ಬರಿ ಆತು’ ಅಂದು ಎದ್ದ. ನನ್ನ ಪತ್ರಿಕೆ ಮಾತ್ರ ಅಚ್ಚಿಗೆ ಹೋಗುವ ಹೊತ್ತಿಗೆ ಬೀಗರ ಕಡೆಯಿಂದ ‘ಪತ್ರಿಕಾ ಕುಠೇ?’ ಅಂತ ಫೋನುಗಳ ಮಳೆ.

ಕಾಕಾರ ಉಳಿದ ಗುಣಗಳನ್ನು ಬೇಗ ಹೇಳಿಬಿಡುತ್ತೇನೆ. ಕಂಪ್ಯೂಟರನ್ನು ಶಟ್‌ಡೌನ್ ಮಾಡುವುದಿಲ್ಲ, ಆ ಸಂದಿಯಲ್ಲಿ ಅಪ್‌ಡೇಟ್ ನುಸುಳುತ್ತದೆಂದು. ಹೊರಗಿನ ಪೆನ್‌ಡ್ರೈವಿಗೆ ಒಳಗೆ ಪ್ರವೇಶವಿಲ್ಲ. ಬೈಕಿನ ಎಂಜಿನ್ ಬದಲಿಸಿದ್ದಾರೆ, ಬೈಕ್ ಬದಲಿಸಿಲ್ಲ. ಸಾಲ ಕೊಟ್ಟದ್ದನ್ನು ಕೇಳಲು ಬಾರದು. ಕೇಳಬೇಕೋ ಬೇಡವೋ ಅಂತ ಸಾಲ ತಗೊಂಡವನನ್ನೇ ಕೇಳುತ್ತಾರೆ.

ರೇಗಿದರೆ ಅವರ ಹತ್ತಿರ ಒಂದು ಬ್ರಹ್ಮಾಸ್ತ್ರವಿದೆ, ಗಡಿ ತಂಟೆಯದು. ‘ಮಾಸ್ತರ, 1956ರಾಗ ರಾಜ್ಯ ಹಂಚಿದರು. 1967ರಾಗ ಮಹಾಜನ ಆಯೋಗ ವರದಿ ಕೊಡ್ತು. 2004ರಾಗ ಕೇಸ್ ಸುಪ್ರೀಂ ಕೋರ್ಟಿಗೆ ಹೋತು. 2022ರಾಗ ನಮ್ಮ ಜತ್ತಿನ ಹೆಸರ ಎರಡೂ ಕಡೆ ಟಿವಿಯೊಳಗ ಗದ್ದಲ ಎಬ್ಬಿಸ್ತು. ನಿಕಾಲಿ ಆತೇನು? ಎರಡು ಸರ್ಕಾರ, ದೊಡ್ಡ ದೊಡ್ಡ ವಕೀಲರು ಕೂಡಿ ನೋಡೂಣ ಅಂತಾರ. ನಾ ಒಬ್ಬ ಡಿಟಿಪಿಯಾಂವ, ಒಂದು ವಿಂಡೋಸಿಗೆ ನೋಡೂಣ ಅಂದ್ರ ನಿನಗ ಸಿಟ್ಟು!’ ಕೃಷ್ಣೆಯ ನೀರು ಮ್ಹೈಸಾಳದಿಂದ ಮೇಲೇರಿ ತಮ್ಮ ಹೊಲಕ್ಕೆ ಯಾವತ್ತು ಬರುತ್ತದೆ ಅಂತ ದಾರಿ ನೋಡುತ್ತಲೇ ಮುಪ್ಪಾದವರಿರುವ ತಾಲ್ಲೂಕಿನಲ್ಲಿ ಈ ವಾದಕ್ಕೆ ಎದುರಾಡುವುದು ಕಷ್ಟ.

ಆದರೆ ಅಂಗಡಿಯ ಮೂಲೆಯಲ್ಲಿ ಇನ್ನೊಂದು ಮಶೀನಿದೆ. ಅದರದು ಬೇರೆಯೇ ಮಾತು. ಎಕ್ಸ್‌ಪಿ, ಅದರೊಳಗೆ ಪೇಜ್‌ಮೇಕರ್ 7, ಕನ್ನಡಕ್ಕೆ ‘ನುಡಿ’, ಮರಾಠಿಗೆ ಹಳೆಯ ಕಾಲದ ಇನ್ನೊಂದು ಫಾಂಟು. ನೆಟ್ಟಿನ ವೈರು ಅದಕ್ಕೆ ಮುಟ್ಟಿಸುವುದಿಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪೀಡೆ ಎಷ್ಟೋ ದೇಶಗಳ ಕಂಪ್ಯೂಟರುಗಳಿಗೆ ಬೀಗ ಜಡಿದಾಗ ಈ ಮುದುಕನಿಗೆ ಏನೂ ಆಗಲಿಲ್ಲ. ಕೈಬಿಟ್ಟ ಎಕ್ಸ್‌ಪಿಗೂ ಆಗ ಕಂಪನಿ ಮದ್ದು ಕಳಿಸಿತು. ಕಾಕಾ ಅದನ್ನೂ ಹಾಕಲಿಲ್ಲ.

ಅದನ್ನೇಕೆ ಬದಲಿಸುವುದಿಲ್ಲ ಅಂತ ಒಮ್ಮೆ ಸಂಜೆ ಗಿರಾಕಿ ಇಲ್ಲದಾಗ ಕೇಳಿದೆ. ಅವರು ಒಂದು ಫೈಲನ್ನು ಫಾಂಟು ಇಲ್ಲದ ಮಶೀನಿನಲ್ಲಿ ತೆರೆದು ತೋರಿಸಿದರು. ಕನ್ನಡದ ಸುಳಿವಿಲ್ಲ; ಇಂಗ್ಲಿಷ್ ಅಕ್ಷರಗಳು, ಕೆಲವಕ್ಕೆ ತಲೆಯ ಮೇಲೆ ಕೊಂಬು, ಕೆಲವಕ್ಕೆ ಚುಕ್ಕೆ. ಆ ಕಾಲದ ‘ನುಡಿ’ಯ ಫೈಲಿನಲ್ಲಿ ನಮ್ಮ ‘ಕ’ ಕೂತಿರುವುದು ಇಂಗ್ಲಿಷಿನ ‘ಪಿ’ಯ ಜಾಗದಲ್ಲಿ. ಫಾಂಟು ಇದ್ದರೆ ‘ಕ’, ಇಲ್ಲದಿದ್ದರೆ ಬರೀ ‘ಪಿ’ ಮತ್ತು ಅದರ ಬೆನ್ನಿಗೊಂದು ಕೊಂಬಿನ ‘ಎ’. ಯೂನಿಕೋಡಿನಲ್ಲಿ ಈ ತೊಂದರೆಯಿಲ್ಲ. ಆದರೆ ಪೇಜ್‌ಮೇಕರಿಗೆ ಯೂನಿಕೋಡ್ ಗೊತ್ತಿಲ್ಲ. ಪರಿವರ್ತನೆ ಮಾಡುವ ತಂತ್ರಾಂಶಗಳಿವೆ, ಮಾಡಿದ ಮೇಲೆ ಸಾಲು ಸಾಲಾಗಿ ಪ್ರೂಫ್ ನೋಡಬೇಕು. ಮರಾಠಿ ಫಾಂಟಿನ ಬೀಗದ ಡಾಂಗಲ್ಲಿಗೆ ಇರುವ ಡ್ರೈವರ್ 32 ಬಿಟ್ಟಿನ ಕಾಲದ್ದು. ಹನ್ನೊಂದರಲ್ಲಿ 64 ಬಿಟ್ಟಿನ ಆವೃತ್ತಿ ಬಿಟ್ಟರೆ ಬೇರೆ ಇಲ್ಲ.

ಆ ಮಶೀನಿನಲ್ಲಿ ಏನೇನಿದೆ! ಸಂಖ, ಉಮದಿ, ಬಾಲಗಾಂವ ಕಡೆಯ ಲಗ್ನಪತ್ರಿಕೆಗಳು, ಛಟ್ಟಿ ಅಮಾವಾಸ್ಯೆಯ ಜಾತ್ರೆಯ ಕರಪತ್ರಗಳು, ನಮ್ಮ ಕನ್ನಡ ಶಾಲೆಗಳ ಸ್ನೇಹಸಮ್ಮೇಳನದ ಆಮಂತ್ರಣಗಳು, ಉತ್ತರಕ್ರಿಯೆಯ ಕಾರ್ಡುಗಳು. ನನ್ನ ಅಪ್ಪನದೂ ಇತ್ತು. ಕಾಕಾ ಹುಡುಕಿ ತೆಗೆದರು. ಅಪ್ಪನ ಹೆಸರಿನ ಮುಂದೆ ಆಗ ಅವಸರದಲ್ಲಿ ನಾನು ಬರೆಸಿದ ವಿಶೇಷಣಗಳು ಸಾಲಾಗಿ ನಿಂತಿದ್ದವು. ಒಂದೇ ಕಾರ್ಡಿನಲ್ಲಿ ಎರಡು ಭಾಷೆ ಬೇಡುವ ಮನೆಗಳು ಈಗ ಕಡಿಮೆಯಾಗುತ್ತಿವೆ ಅಂದರು ಕಾಕಾ. ಮೊಮ್ಮಕ್ಕಳು ಮರಾಠಿ ಅಥವಾ ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ಕಾರ್ಡು ಮೊಬೈಲಿಗೇ ಬರುತ್ತದೆ, ಹಾಡಿನ ಜೊತೆ. ಕನ್ನಡಕ್ಕೆ ಕೆ. ಪಿ. ರಾವ್ ವಿನ್ಯಾಸದ ಕೀಲಿಮಣೆ, ಮರಾಠಿಗೆ ಟೈಪ್‌ರೈಟರಿನ ಮಣೆ: ಕಾಕಾರ ಬೆರಳುಗಳು ಸಾಲಿಗೊಮ್ಮೆ ಗಡಿ ದಾಟುತ್ತವೆ. ಈ ವಿದ್ಯೆಯನ್ನು ಕಲಿಯಲು ಬಂದ ಹುಡುಗ ಸದ್ಯಕ್ಕೆ ಯಾರೂ ಇಲ್ಲ.

‘ನಮ್ಮ ಶಾಲೆಯ ಹುಡುಗರನ್ನ ಕಳಿಸ್ತೀನಿ ಕಾಕಾ. ದಿನಾ ನಾಲ್ಕು ಫೈಲ್ ಯೂನಿಕೋಡಿಗೆ ತಿರುಗಿಸಲಿ,’ ಅಂದೆ, ಗಂಟಲು ಸ್ವಲ್ಪ ಕಟ್ಟಿತ್ತು.

‘ನೋಡೂಣ,’ ಅಂದರು.

ಅಕ್ಟೋಬರ್ 14 ಬಂತು, ಹೋಯಿತು. ಇಂಥವರ ಮನಸ್ಸು ಕಂಪನಿಗೂ ಗೊತ್ತಿರಬೇಕು: 30 ಡಾಲರ್ ಕೊಟ್ಟರೆ, ಇಲ್ಲವೇ ಸೆಟ್ಟಿಂಗುಗಳನ್ನು ಅವರ ಖಾತೆಗೆ ಬ್ಯಾಕಪ್ ಮಾಡಿದರೆ, ಭದ್ರತಾ ಅಪ್‌ಡೇಟುಗಳು ಇನ್ನೊಂದು ವರುಷ, 2026ರ ಅಕ್ಟೋಬರ್ 13ರವರೆಗೆ, ಅಂತ ವಾಯಿದೆ ಕೊಟ್ಟಿತು. ವಾಯಿದೆ ಸಿಕ್ಕ ಸಂತೋಷಕ್ಕೆ ಕಾಕಾ ಅಂಗಡಿಯಲ್ಲಿದ್ದವರಿಗೆಲ್ಲ ಚಾ ಕುಡಿಸಿದರು. ಖಾತೆ ತೆರೆಯಬೇಕೋ, ದುಡ್ಡು ಕೊಡಬೇಕೋ ಅನ್ನುವುದರ ಮೇಲೆ ಈಗ ಸಭೆಗಳು ನಡೆದಿವೆ.

ಅಳಿಯನಿಗೆ ತಡೆಯಲಾಗಲಿಲ್ಲ. ದೀಪಾವಳಿಗೆ ಬರುವಾಗ ಹನ್ನೊಂದು ಇರುವ ಹೊಸ ಕಂಪ್ಯೂಟರನ್ನೇ ಪುಣೆಯಿಂದ ಕಾರಿನಲ್ಲಿ ಹಾಕಿಕೊಂಡು ತಂದ. ಪಾಡ್ಯದ ದಿನ ಪೂಜೆಯಾಯಿತು, ಕಾಯಿ ಒಡೆದರು, ನನ್ನನ್ನೂ ಕರೆದಿದ್ದರು. ಮೊನ್ನೆ ಹೋದಾಗ ನೋಡಿದೆ: ಹೊಸದು ಇನ್ನೂ ಪೆಟ್ಟಿಗೆಯೊಳಗೇ ಇದೆ, ಪೆಟ್ಟಿಗೆ ಮೇಜಿನ ಮೇಲಿದೆ, ಅದರ ಮೇಲೆ ಎಕ್ಸ್‌ಪಿ ಮಶೀನಿನ ಮಾನಿಟರ್.

‘ಅಳಿಯಾ ಛಲೋ ವಸ್ತು ತಂದಾನ ನೋಡು, ಕುತಿಗಿ ನೋವು ಪೂರಾ ಹೋತು,’ ಅಂದರು ಕಾಕಾ.